ನಾಲ್ಕನೆಯ ದಾನ

ಫಲ್ಗುಣಿ ನದಿಯ ದಡದಲ್ಲಿರುವ ವೇಣೂರಿನ ಬಾಹುಬಲಿಯನ್ನು ಅಜಿಲ ವಂಶದ ಅರಸು ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ. ಅಣ್ಣನೊಡನೆ ಹೋರಾಡಿ ಗೆದ್ದ ನೆಲವನ್ನು ಗೆದ್ದ ಗಳಿಗೆಯಲ್ಲೇ ಬಿಟ್ಟುಕೊಟ್ಟವನ ಮೂರ್ತಿ ಅದು. ಆ ಮೂರ್ತಿಯ ಸುತ್ತ ಬೆಳೆದುಬಂದ ಜೈನ ಪರಂಪರೆ ನಾಲ್ಕು ಬಗೆಯ ದಾನಗಳನ್ನು ಹೇಳುತ್ತದೆ: ಆಹಾರ, ಔಷಧ, ಶಾಸ್ತ್ರ, ಅಭಯ. ಕನ್ನಡದ ಹಳೆಯ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಮತ್ತೆ ಮತ್ತೆ ಬರುವ ಮಾತು ಇದು. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ತಿಳಿಯದವನಿಗೆ ವಿದ್ಯೆ, ಭಯಪಟ್ಟವನಿಗೆ ರಕ್ಷಣೆ.

ಬೆಳ್ತಂಗಡಿ ತಾಲೂಕಿನಲ್ಲಿ ಮೊದಲ ಮೂರು ದಾನಗಳಿಗೆ ಕೊರತೆಯಾಗಿಲ್ಲ. ಮಠ, ಬಸದಿ, ದೇವಸ್ಥಾನ, ಇಗರ್ಜಿ, ಮಸೀದಿ, ಯುವಕ ಮಂಡಲ, ಮಹಿಳಾ ಮಂಡಲ, ಸಹಕಾರ ಸಂಘ, ದತ್ತಿ ಸಂಸ್ಥೆ ಎಂದು ಊರೂರಿಗೂ ಸೇವೆಯ ಕೈಗಳಿವೆ. ಆದರೂ ಈ ತಾಲೂಕಿನಲ್ಲಿ ಬಡವ ಬಲ್ಲಿದರ ನಡುವಿನ ಅಂತರ ಕರಗಿಲ್ಲ. ಕಾರಣ ಸರಳ. ಸಂಘಸಂಸ್ಥೆಗಳು ಮೂರು ದಾನಗಳಲ್ಲಿ ನಿಂತುಬಿಟ್ಟಿವೆ. ನಾಲ್ಕನೆಯದು ಉಳಿದುಹೋಗಿದೆ. ನೆಲದಿಂದ ಯಾರೂ ಎಬ್ಬಿಸರೆಂಬ ಅಭಯ, ಬಾವಿ ಬತ್ತದೆಂಬ ಅಭಯ, ಕೂಲಿಗೆ ಮೋಸವಾಗದೆಂಬ ಅಭಯ, ಸಾಲದವನು ಅಂಗಳಕ್ಕೆ ಬಂದು ಮಾನ ಕಳೆಯನೆಂಬ ಅಭಯ. ಇವು ದೊರಕದ ಹೊರತು ಉಳಿದ ಮೂರು ದಾನಗಳನ್ನು ವರ್ಷ ವರ್ಷವೂ ಕೊಡುತ್ತಲೇ ಇರಬೇಕಾಗುತ್ತದೆ.

ಆದ ಕೆಲಸದ ಬೆಲೆ

ಸಂಸ್ಥೆಗಳು ಮಾಡಿದ ಕೆಲಸವನ್ನು ಕಡೆಗಣಿಸಿ ಈ ಮಾತನ್ನು ಆಡುವಂತಿಲ್ಲ. 1982ರಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾದದ್ದು ಬೆಳ್ತಂಗಡಿ ತಾಲೂಕಿನಲ್ಲೇ. ಅದೇ ವರ್ಷ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿ, ನಿರುದ್ಯೋಗಿ ಯುವಜನರಿಗೆ ಸ್ವಉದ್ಯೋಗದ ತರಬೇತಿ ನೀಡತೊಡಗಿತು. ಮುಂದೆ ದೇಶದ ಬ್ಯಾಂಕುಗಳು ಆ ಮಾದರಿಯನ್ನೇ ಅನುಸರಿಸಿ ಜಿಲ್ಲೆಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆಗಳನ್ನು ತೆರೆದವು.

ಗ್ರಾಮಾಭಿವೃದ್ಧಿ ಯೋಜನೆಯ ಪ್ರಯೋಗಗಳಲ್ಲಿ ‘ಪ್ರಗತಿಬಂಧು’ ಗುಂಪು ವಿಶೇಷವಾಗಿ ಗಮನಿಸತಕ್ಕದ್ದು. ಐದರಿಂದ ಎಂಟು ಮಂದಿ ಸಣ್ಣ ರೈತರು ಒಂದು ಗುಂಪಾಗಿ, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುವ ಪದ್ಧತಿ ಅದು. ಹಳ್ಳಿಯ ಮುಯ್ಯಾಳಿನ ರೂಢಿಗೆ ಅಲ್ಲಿ ಹೊಸ ಕಟ್ಟುಪಾಡು ದೊರೆಯಿತು. ಕೂಲಿಗೆ ಜನ ಇಡಲಾಗದವನ ಗುಡ್ಡವೂ ಹದಕ್ಕೆ ಬಂತು, ಬಾವಿ ತೋಡಲ್ಪಟ್ಟಿತು, ತೋಟ ಎದ್ದಿತು. ಹಣವಿಲ್ಲದವನ ಬಳಿಯೂ ಇರುವ ಒಂದೇ ಬಂಡವಾಳವೆಂದರೆ ತೋಳಬಲ. ಅದನ್ನೇ ಆಸ್ತಿಯಾಗಿ ಪರಿವರ್ತಿಸಿದ್ದು ಆ ಪ್ರಯೋಗದ ಹೆಚ್ಚುಗಾರಿಕೆ.

ಸಾಲ ಕೊಡುವ ವ್ಯವಸ್ಥೆಗೂ ಈ ಜಿಲ್ಲೆ ಹೊಸದಲ್ಲ. ಪುತ್ತೂರಿನಲ್ಲಿ 1909ರಷ್ಟು ಹಿಂದೆಯೇ ಸಹಕಾರ ಸಂಘ ಹುಟ್ಟಿತ್ತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪೂರ್ವಸಂಸ್ಥೆ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ತಂದಿತು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿದ ಮೇಲೆ ಹಾಗೂ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ, ಎಂದೂ ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸರ ಕೈಗೆ ಪಾಸ್‌ಪುಸ್ತಕ ಬಂತು. ಬಡ್ಡಿ ವ್ಯಾಪಾರಿಯ ಹಿಡಿತ ಸಡಿಲವಾಯಿತು. ಇವೆಲ್ಲ ಸಣ್ಣ ಸಾಧನೆಗಳಲ್ಲ.

ಆದರೆ ಸಾಲವು ಇದ್ದುದನ್ನು ಬೆಳೆಸುತ್ತದೆಯೇ ಹೊರತು ಇಲ್ಲದುದನ್ನು ಹುಟ್ಟಿಸುವುದಿಲ್ಲ. ಈ ಮಾತಿನ ಸತ್ಯ ತಿಳಿಯಬೇಕಾದರೆ ವೇಣೂರಿನ ಸುತ್ತಲಿನ ನೆಲದ ಲೆಕ್ಕವನ್ನು ನೋಡಬೇಕು.

ವರ್ಗ, ಕುಮ್ಕಿ, ಐದು ಸೆಂಟ್ಸ್

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕಾನೂನು ದಕ್ಷಿಣ ಕನ್ನಡದ ಮುಖವನ್ನೇ ಬದಲಿಸಿತು. ದೇವರಾಜ ಅರಸು ಸರ್ಕಾರದ ಆ ಕಾನೂನಿನಿಂದ ತಲೆಮಾರುಗಳ ಕಾಲ ಗೇಣಿ ಅಳೆದ ಒಕ್ಕಲುಗಳು ಜಮೀನಿನ ಒಡೆಯರಾದರು. ರಾಜ್ಯದಲ್ಲಿ ಅದರ ಫಲವನ್ನು ಅತಿ ಹೆಚ್ಚು ಉಂಡ ಜಿಲ್ಲೆಗಳಲ್ಲಿ ಇದೂ ಒಂದು. ಇಂದು ಈ ಭಾಗದಲ್ಲಿ ಕಾಣುವ ಶಿಕ್ಷಣ, ಆರೋಗ್ಯ, ಸ್ವಾಭಿಮಾನಗಳ ಹಿಂದೆ ಆ ಕಾನೂನಿನ ಪಾಲು ದೊಡ್ಡದು. ಯಾವ ದತ್ತಿ ಸಂಸ್ಥೆಯೂ ಅಷ್ಟು ಜನರಿಗೆ ಅಷ್ಟು ಅಭಯ ನೀಡಲು ಸಾಧ್ಯವಿರಲಿಲ್ಲ.

ಆದಾಗ್ಯೂ ಆ ಕಾನೂನು ಕೈಹಿಡಿದದ್ದು ಒಕ್ಕಲುಗಳನ್ನು. ಗೇಣಿಚೀಟಿಯೇ ಇಲ್ಲದೆ ಗದ್ದೆಯಲ್ಲಿ ದುಡಿದವರಿಗೆ, ಅಂದರೆ ದಲಿತ ಕೂಲಿಗಳಿಗೆ, ಬುಟ್ಟಿ ಹೆಣೆಯುವ ಕೊರಗರಿಗೆ, ಘಟ್ಟದ ಬುಡದ ಮಲೆಕುಡಿಯರಿಗೆ, ದಕ್ಕಿದ್ದು ಹೆಚ್ಚೆಂದರೆ ಮನೆಯಡಿಯ ಜಾಗ. ದಮನಿತ ವರ್ಗಗಳಿಗೆಂದು ಬ್ರಿಟಿಷರ ಕಾಲದಲ್ಲೇ ಕಾದಿರಿಸಿದ ‘ಡಿ.ಸಿ. ಮನ್ನಾ’ ಭೂಮಿಯನ್ನು ತಮಗೆ ಬಿಡಿಸಿಕೊಡಿ ಎಂದು ಜಿಲ್ಲೆಯ ದಲಿತ ಸಂಘಟನೆಗಳು ದಶಕಗಳಿಂದ ಕೇಳುತ್ತ ಬಂದಿವೆ. ಇತ್ತ 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವುದಕ್ಕೆ ದಾರಿ ತೆರೆಯಿತು. ನೆಲದ ಬೆಲೆ ಏರುತ್ತ ಹೋದಂತೆ ನೆಲವಿಲ್ಲದವನಿಗೆ ಅದು ಇನ್ನಷ್ಟು ದೂರವಾಗುತ್ತದೆ.

ಈ ಅಸಮಾನತೆಗೆ ಪರಿಸರದ ಮುಖವೊಂದಿದೆ. ಅದು ಕುಮ್ಕಿ. ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆ ತೆಗೆಯುವ ಸವಲತ್ತು ವರ್ಗದಾರನಿಗೆ ಇದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ ಗೊಬ್ಬರ ಮತ್ತು 12 ಕಿಲೋ ಕಾಂಪೋಸ್ಟ್ ಬೇಕೆಂಬುದು ಕೃಷಿ ವಿಜ್ಞಾನದ ಶಿಫಾರಸು. ಎಕರೆಗೆ ಸುಮಾರು 550 ಮರವೆಂದು ಹಿಡಿದರೆ, ಹಸಿರೆಲೆಯೊಂದೇ ವರ್ಷಕ್ಕೆ ಆರು ಟನ್ನಿಗೂ ಹೆಚ್ಚು. ಅಷ್ಟು ಸೊಪ್ಪು ತೋಟದೊಳಗೆ ಹುಟ್ಟುವುದಿಲ್ಲ. ಬಹುಪಾಲು ಕುಮ್ಕಿಯಿಂದ, ಗುಡ್ಡದಿಂದ, ಕಾಡಿನಿಂದ ಬರಬೇಕು. ಅಂದರೆ ಅಡಿಕೆಯ ಆದಾಯದಲ್ಲಿ ಸಾರ್ವಜನಿಕ ಭೂಮಿಯ ಕೊಡುಗೆಯೂ ಸೇರಿದೆ. ಆ ಕೊಡುಗೆ ಯಾವ ಲೆಕ್ಕಪುಸ್ತಕದಲ್ಲೂ ‘ನೆರವು’ ಎಂದು ದಾಖಲಾಗುವುದಿಲ್ಲ. ಅದೇ ಗುಡ್ಡದಿಂದ ಒಂದು ಹೊರೆ ಕಟ್ಟಿಗೆ ತಂದ ಭೂಹೀನ ಹೆಂಗಸು ಮಾತ್ರ ಅತಿಕ್ರಮಣಕಾರಳಾಗುತ್ತಾಳೆ.

ಈಗ ಒಂದೇ ಮೊತ್ತದ ಸಾಲ ಇಬ್ಬರಿಗೆ ಸಿಕ್ಕಿತೆಂದು ಭಾವಿಸೋಣ. ಎರಡೆಕರೆ ವರ್ಗವೂ ಕುಮ್ಕಿಯೂ ಇರುವವನು ಹಸು ಕೊಂಡರೆ ಹುಲ್ಲು ಗುಡ್ಡದಲ್ಲಿದೆ, ಸೆಗಣಿ ತೋಟಕ್ಕೆ ಹೋಗುತ್ತದೆ, ಹಾಲಿನ ಹಣದಲ್ಲಿ ಕಂತು ತೀರುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವಳು ಅದೇ ಹಸು ಕೊಂಡರೆ ಹಿಂಡಿಯಷ್ಟೇ ಅಲ್ಲ, ಹುಲ್ಲನ್ನೂ ಹಣ ಕೊಟ್ಟು ತರಬೇಕು. ಸೆಗಣಿ ಹಾಕಲು ಸ್ವಂತ ತೋಟವಿಲ್ಲ. ಬೇಸಗೆಯಲ್ಲಿ ಹಾಲು ಇಳಿದಾಗಲೂ ಕಂತು ಇಳಿಯುವುದಿಲ್ಲ. ಅಡಿಕೆ ಸಸಿ ನೆಟ್ಟರೂ ಅಷ್ಟೇ. ಫಸಲು ಕಾಣಲು ಐದಾರು ವರ್ಷ ಬೇಕು, ವಾರದ ಕಂತು ಅಷ್ಟು ದಿನ ಕಾಯದು. ಸಾಲ ಒಂದೇ, ಬಡ್ಡಿ ಒಂದೇ, ಸಂಸ್ಥೆಯ ಸದುದ್ದೇಶವೂ ಒಂದೇ. ಫಲ ಮಾತ್ರ ಬೇರೆ ಬೇರೆ. ಸಮಾನ ಸಾಲವು ಅಸಮಾನ ನೆಲದ ಮೇಲೆ ಬಿದ್ದಾಗ ಅಂತರ ಹಿಗ್ಗುವುದು ಸಹಜ.

ನೀರಿನ ವಿಷಯದಲ್ಲೂ ಇದೇ ಕಥೆ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಮಾರ್ಚ್ ಕಳೆಯುವಷ್ಟರಲ್ಲಿ ತೆರೆದ ಬಾವಿಗಳ ತಳ ಕಾಣುತ್ತದೆ. ಹಿಂದೆ ಮಳೆಗಾಲ ಮುಗಿದೊಡನೆ ಊರವರು ಸೇರಿ ತೋಡುಗಳಿಗೆ ‘ಕಟ್ಟ’ ಹಾಕುತ್ತಿದ್ದರು. ನಿಂತ ನೀರು ಗದ್ದೆಗೂ ಸೇರುತ್ತಿತ್ತು, ಮೇಲ್ಗಡೆಯ ಬಾವಿಗೂ ಇಳಿಯುತ್ತಿತ್ತು. ಗದ್ದೆಗಳು ಅಡಿಕೆ ತೋಟಗಳೂ ರಬ್ಬರ್ ತೋಪುಗಳೂ ಆದ ಮೇಲೆ ಕಟ್ಟಗಳು ಕಡಿಮೆಯಾದವು, ಕೊಳವೆ ಬಾವಿಗಳು ಹೆಚ್ಚಿದವು. ಆಳಕ್ಕೆ ಕೊರೆಸುವ ಶಕ್ತಿ ಉಳ್ಳವನಿಗೆ ನೀರು ಬಂದಾಗ, ಪಕ್ಕದ ಮನೆಯ ಹತ್ತು ಕೋಲಿನ ಬಾವಿ ಬರಿದಾಗುವ ಸಂಭವವಿದೆ. ಆ ಕೊಳವೆ ಬಾವಿಗೆ ಸಾಲ ಕೊಟ್ಟ ಸಂಸ್ಥೆಯೇ ಪಕ್ಕದ ಮನೆಗೆ ಟ್ಯಾಂಕರಿನಲ್ಲಿ ನೀರು ಹಂಚಿದರೆ ಅದನ್ನು ಸೇವೆಯೆನ್ನಬೇಕೋ, ಪ್ರಾಯಶ್ಚಿತ್ತವೆನ್ನಬೇಕೋ?

ದುಡಿಮೆಗೆ ಬೇಕಾದ ಅಭಯ

ನೆಲವಿಲ್ಲದ ಮನೆಗಳನ್ನು ಈ ಭಾಗದಲ್ಲಿ ಸಾಕಿದ್ದು ಬೀಡಿ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳಲ್ಲಿ ಸಾವಿರ ಬೀಡಿಗೆ ಇಷ್ಟೆಂಬ ಮಜೂರಿಯಲ್ಲಿ ಮಕ್ಕಳ ಶಾಲೆ, ಮದುವೆ, ಮದ್ದು ಎಲ್ಲವೂ ನಡೆದಿವೆ. ಸ್ವಸಹಾಯ ಗುಂಪಿನ ವಾರದ ಕಂತಿನಲ್ಲೂ ಬೀಡಿಯ ಹಣದ ಪಾಲು ದೊಡ್ಡದಿತ್ತು.

ಈ ಹೆಂಗಸರ ಬಾಳಿನಲ್ಲಿ ನಿಜವಾದ ತಿರುವು ತಂದದ್ದು ಯಾವುದು? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು. 1976ರ ಕಲ್ಯಾಣ ನಿಧಿ ಕಾನೂನು. ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು. ಮುಪ್ಪಿನಲ್ಲಿ ಬರುವ ಪಿಂಚಣಿ ಸಣ್ಣದೇ ಇರಬಹುದು. ಆದರೆ ಅದು ಯಾರ ಔದಾರ್ಯವೂ ಅಲ್ಲ, ದುಡಿದದ್ದರ ಹಕ್ಕು. ಇದರ ಹಿಂದೆ ಇದ್ದದ್ದು ಕಾರ್ಮಿಕ ಸಂಘಗಳ ದೀರ್ಘ ಹೋರಾಟ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಬೀಡಿಯ ಮೇಲಿನ ಕಲ್ಯಾಣ ಸೆಸ್ ರದ್ದಾಯಿತು. ಕಲ್ಯಾಣ ನಿಧಿಗೆಂದೇ ಇದ್ದ ಆದಾಯದ ಮೂಲ ಹೀಗೆ ಕೈತಪ್ಪಿದ್ದು ಬೀಡಿ ಕಟ್ಟುವ ಮನೆಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಆದರೂ ಹಳ್ಳಿಗಳ ಸಭೆಗಳಲ್ಲಿ ಕಂತಿನ ಮಾತು ನಡೆದಷ್ಟು ಸೆಸ್ಸಿನ ಮಾತು ನಡೆಯಲಿಲ್ಲ.

ದುಡಿಮೆಯ ಜಾಗದ ಸುರಕ್ಷತೆಯೂ ಅಭಯದ ಭಾಗವೇ. 2024ರ ಜನವರಿ 28ರಂದು ವೇಣೂರು ಸಮೀಪದ ಕುಕ್ಕೇಡಿಯಲ್ಲಿ ಸುಡುಮದ್ದು ತಯಾರಿಸುವ ಜಾಗದಲ್ಲಿ ಸ್ಫೋಟ ಸಂಭವಿಸಿ ಮೂವರು ಕೆಲಸಗಾರರು ಸತ್ತರು. ಅದಾದ ಕೆಲವೇ ವಾರಗಳಲ್ಲಿ ವೇಣೂರಿನ ಮಹಾಮಸ್ತಕಾಭಿಷೇಕ ನೆರವೇರಿತು. ಸತ್ತವರ ಮನೆಗೆ ನೆರವು ತಲುಪಿಸುವುದು ದಾನ. ಅಂಥ ಜಾಗದಲ್ಲಿ ಕಾನೂನಿನ ಕಟ್ಟಳೆಗಳು ಪಾಲನೆಯಾಗುತ್ತಿವೆಯೇ ಎಂದು ಮುಂಚಿತವಾಗಿ ಕೇಳುವುದು ಅಭಯದಾನ. ಎರಡನೆಯದಕ್ಕೆ ಖರ್ಚು ಕಡಿಮೆ, ಧೈರ್ಯ ಹೆಚ್ಚು ಬೇಕು.

ಸಾಲದ ಭಯವನ್ನು ಕುರಿತು ಇತ್ತೀಚಿನ ಅನುಭವವೇ ಸಾಕು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲದ ವಸೂಲಿ ಜನರ ಪ್ರಾಣಕ್ಕೇ ಎರವಾದಾಗ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹದಿನೈದು ವರ್ಷಗಳ ನಂತರ, 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಅದೇ ಹಾದಿ ತುಳಿಯಿತು. ಕಿರುಕುಳ ಕೊಟ್ಟು ಸಾಲ ವಸೂಲಿ ಮಾಡುವವರಿಗೆ ಹತ್ತು ವರ್ಷದವರೆಗಿನ ಸೆರೆ, ಐದು ಲಕ್ಷ ರೂಪಾಯಿವರೆಗಿನ ದಂಡ ಎಂಬ ನಿಯಮ ಬಂತು. ಸಾಲ ಸಿಗದಿದ್ದುದೇ ಬಡತನದ ಕಾರಣವೆಂದು ಒಂದು ಕಾಲದಲ್ಲಿ ನಂಬಲಾಗಿತ್ತು. ಸಾಲ ಸುಲಭವಾಗಿ ಸಿಕ್ಕ ಮೇಲೂ ಉಳಿದ ಬಡತನವು ಬೇರೆ ಕಾರಣಗಳನ್ನು ತೋರಿಸುತ್ತಿದೆ. ಗುಂಪಿನ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಹೊಣೆಯೆಂಬ ಕಟ್ಟಳೆಯಲ್ಲಿ ನೆರೆಹೊರೆಯ ಸ್ನೇಹವೇ ಒತ್ತೆಯಾಗುತ್ತದೆ. ಪ್ರಗತಿಬಂಧು ಗುಂಪು ಮೊದಲು ಹಂಚಿಕೊಂಡದ್ದು ಶ್ರಮವನ್ನು. ಸಾಲದ ಹೊಣೆಯನ್ನಷ್ಟೇ ಹಂಚಿಕೊಳ್ಳುವ ಗುಂಪಿಗೂ ಅದಕ್ಕೂ ಬಹಳ ವ್ಯತ್ಯಾಸವಿದೆ.

ಕಾಡಿನವರ ಪಾಲು

ಪರಿಸರ ಚಳವಳಿಯೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ವೇಣೂರಿನಿಂದ ಘಟ್ಟದತ್ತ ನಡೆದರೆ ನಾರಾವಿ, ಕುತ್ಲೂರುಗಳ ಆಚೆ ಕುದುರೆಮುಖದ ಸಾಲು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಆ ಕಾಡಿನ ಮಡಿಲಲ್ಲಿ ಮಲೆಕುಡಿಯರು ತಲೆಮಾರುಗಳಿಂದ ಬಾಳಿದ್ದಾರೆ. ಅದೇ ಕಾಡಿನ ನೆತ್ತಿಯಲ್ಲಿ ಕಬ್ಬಿಣದ ಅದಿರಿನ ಗಣಿ ದಶಕಗಳ ಕಾಲ ನಡೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿ ನಿಂತದ್ದು ಪರಿಸರ ಹೋರಾಟದ ದೊಡ್ಡ ಗೆಲುವು. ಆದರೆ ಗುಡ್ಡ ಅಗೆದವರನ್ನೂ ಗುಡ್ಡದಲ್ಲಿ ಜೇನು, ಸೀಗೆ, ರಾಮಪತ್ರೆ ಆಯ್ದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಾಗ ಆ ಗೆಲುವಿಗೆ ಮಂಕು ಕವಿಯಿತು. ರಸ್ತೆ, ಸೇತುವೆ, ವಿದ್ಯುತ್ತು ಕೇಳಿದವರಿಗೆ ಸಿಕ್ಕಿದ್ದು ಪರಿಹಾರ ಪಡೆದು ಹೊರಡಿರೆಂಬ ಉತ್ತರ.

2006ರ ಅರಣ್ಯ ಹಕ್ಕು ಕಾನೂನು ಈ ಅನ್ಯಾಯವನ್ನು ‘ಚಾರಿತ್ರಿಕ’ವೆಂದೇ ಒಪ್ಪಿಕೊಂಡಿತು. ಸಾಗುವಳಿಯ ನೆಲಕ್ಕೂ ಕಿರು ಅರಣ್ಯ ಉತ್ಪನ್ನಗಳಿಗೂ ಹಕ್ಕು ಕೇಳಲು, ಆ ಅರ್ಜಿಯನ್ನು ಮೊದಲು ಗ್ರಾಮಸಭೆಯೇ ಪರಿಶೀಲಿಸಲು ಅದು ಅವಕಾಶ ಕೊಟ್ಟಿತು. ಅರ್ಜಿ ತುಂಬುವುದು, ನಕ್ಷೆ ಮಾಡುವುದು, ಹಳೆಯ ದಾಖಲೆ ಹುಡುಕುವುದು ಕಾಡಿನವರಿಗೆ ಕಷ್ಟ. ಸಂಘಸಂಸ್ಥೆಗಳಿಗೆ ಅದು ಸುಲಭ. ಕಂಬಳಿ ಹಂಚಲು ಘಟ್ಟ ಹತ್ತುವ ಉತ್ಸಾಹವನ್ನು ನಕ್ಷೆ ಹಿಡಿದು ಹತ್ತಲು ತೋರಿದರೆ ಚಿತ್ರವೇ ಬದಲಾದೀತು.

2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆಗಳಲ್ಲಿ ಗುಡ್ಡ ಜರಿದು ನೆರೆ ನುಗ್ಗಿದಾಗ ಈ ಅಂತರ ಕಣ್ಣಿಗೆ ಕಟ್ಟಿತು. ಅಕ್ಕಿ, ಬಟ್ಟೆ, ಪಾತ್ರೆಗಳನ್ನು ಸಂಸ್ಥೆಗಳು ಭೇದವಿಲ್ಲದೆ ಹಂಚಬಹುದು. ಬೆಳೆನಷ್ಟದ ಪರಿಹಾರ ಮಾತ್ರ ಪಹಣಿಯನ್ನು ಕೇಳುತ್ತದೆ. ಪಹಣಿ ಇಲ್ಲದವನ ತೋಟ ಕೊಚ್ಚಿಹೋದರೆ, ಸರ್ಕಾರದ ಕಡತದಲ್ಲಿ ಏನೂ ಕೊಚ್ಚಿಹೋಗಿರುವುದಿಲ್ಲ.

ಕರುಣೆಯೋ ಹೊಣೆಯೋ

ಇದೇ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಕಥೆ ಇನ್ನೂ ಕಠಿಣವಾದದ್ದು. ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್, ತೋಪಿನ ಅಂಚಿನ ಬಡವರ ಮನೆಗಳ ಮೇಲೂ ಬಾವಿಗಳ ಮೇಲೂ ಬಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಷೇಧಿಸಿತು. ಮಾಸಾಶನ ಬಂತು, ಪಾಲನಾ ಕೇಂದ್ರಗಳು ತೆರೆದವು. ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಂಡ ಸೇವಾಸಂಸ್ಥೆಗಳಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೆ ಆ ತಾಯಂದಿರು ಕೇಳಿದ್ದು ಕರುಣೆಯನ್ನಲ್ಲ. ಸಿಂಪಡಿಸಿದವರು ಹೊಣೆ ಹೊರಲಿ, ತಾವು ಸತ್ತ ಮೇಲೆ ಮಕ್ಕಳ ಗತಿಯೇನೆಂಬುದಕ್ಕೆ ಉತ್ತರ ಸಿಗಲಿ ಎಂಬುದನ್ನು. ನೆರೆಯ ಕಾಸರಗೋಡಿನ ಸಂತ್ರಸ್ತರ ಪ್ರಕರಣದಲ್ಲಿ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಲಾ ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆ ಅರ್ಜಿಯನ್ನು ಒಯ್ದದ್ದು ಯುವಜನರ ಸಂಘಟನೆಯೊಂದು. ಪಾಲನೆಯೂ ಬೇಕು, ಪರಿಹಾರವೂ ಬೇಕು. ಒಂದರ ಹೆಸರಿನಲ್ಲಿ ಇನ್ನೊಂದು ಮರೆಯಾಗಬಾರದು.

ಅಭಯವನ್ನು ದಾನವಾಗಿ ಕೊಡಲಾಗದು, ಅದನ್ನು ಪಡೆಯುವವರ ಬೆನ್ನಿಗೆ ನಿಲ್ಲಬಹುದಷ್ಟೇ ಎಂಬುದಕ್ಕೆ ಕರಾವಳಿಯಲ್ಲೇ ಮಾದರಿಯಿದೆ. ಉಡುಪಿ ಜಿಲ್ಲೆಯ ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮವು ಕೊರಗರ ಸಂಘಟನೆಗೆ ಆಸರೆಯಾಯಿತು. ಬಟ್ಟೆಬರೆ ಹಂಚುವ ಬದಲು ಸಮುದಾಯದವರೇ ಮುಂದಾಳುಗಳಾದ ಒಕ್ಕೂಟವನ್ನು ಬೆಳೆಯಗೊಟ್ಟಿತು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಸಿಗಬೇಕೆಂಬ ಡಾ. ಮಹಮದ್ ಪೀರ್ ವರದಿಯ ಶಿಫಾರಸನ್ನು ಆ ಒಕ್ಕೂಟ ಕೈಬಿಡದೆ ಹಿಡಿದುಕೊಂಡಿದೆ. ಹೀನಾಯವಾದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು 2000ದಲ್ಲಿ ಬಂತು. ಭೂಮಿ ಹೋರಾಟದ ನೆನಪಿಗೆ ಕೊರಗರು ಆಗಸ್ಟ್ 18ರಂದು ‘ಭೂಮಿ ಹಬ್ಬ’ ಆಚರಿಸುತ್ತಾರೆ. ಎಲ್ಲರಿಗೂ ಭೂಮಿ ಸಿಕ್ಕಿಲ್ಲ ಎಂಬುದು ನಿಜ. ಆದರೆ ಕೈಯೊಡ್ಡುತ್ತಿದ್ದವರು ಲೆಕ್ಕ ಕೇಳುವವರಾದರು. ಸೇವಾಸಂಸ್ಥೆಯೊಂದರ ಸಾರ್ಥಕ್ಯವನ್ನು ಅಳೆಯುವುದಾದರೆ ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ.

ಆಗಬೇಕಾದದ್ದು

ತಾಲೂಕಿನ ಸಂಘಸಂಸ್ಥೆಗಳಿಗೆ ಜನಬಲವಿದೆ, ಮನೆಮನೆಯ ಮಾಹಿತಿಯಿದೆ, ಅಧಿಕಾರಿಗಳು ಕಿವಿಗೊಡುವಷ್ಟು ಗೌರವವಿದೆ. ಈ ಶಕ್ತಿಯನ್ನು ನಾಲ್ಕನೆಯ ದಾನದತ್ತ ತಿರುಗಿಸಲು ಹೊಸ ಕಟ್ಟಡವಾಗಲಿ ಹೊಸ ನಿಧಿಯಾಗಲಿ ಬೇಕಿಲ್ಲ. ಪ್ರತಿ ಗ್ರಾಮದಲ್ಲಿ ಭೂಹೀನರ ಪಟ್ಟಿಯನ್ನೂ ಡಿ.ಸಿ. ಮನ್ನಾ ಭೂಮಿಯ ಪಟ್ಟಿಯನ್ನೂ ತಯಾರಿಸಿ ಗ್ರಾಮಸಭೆಯ ಮುಂದಿಡಬಹುದು. ಅರಣ್ಯ ಹಕ್ಕಿನ ಅರ್ಜಿಗಳನ್ನು ಕೊನೆಯವರೆಗೂ ಹಿಂಬಾಲಿಸಬಹುದು. ಸಾಲದ ಕಂತನ್ನು ವಾರದ ಗಡುವಿನಿಂದ ಬಿಡಿಸಿ ಬೆಳೆಯ ಋತುವಿಗೆ ಹೊಂದಿಸಬಹುದು, ಮಳೆಗಾಲದ ಕೆಲಸವಿಲ್ಲದ ದಿನಗಳಲ್ಲಿ ವಿರಾಮ ಕೊಡಬಹುದು. ಕೊಳವೆ ಬಾವಿಗೆ ಸಾಲ ಕೊಡುವ ಮೊದಲು ಸುತ್ತಲಿನ ಬಾವಿಗಳ ಸ್ಥಿತಿ ವಿಚಾರಿಸಬಹುದು, ಆ ಹಣದ ಒಂದು ಪಾಲನ್ನು ತೋಡಿನ ಕಟ್ಟಕ್ಕೆ ಮೀಸಲಿಡಬಹುದು. ಭೂಹೀನ ಹೆಂಗಸರ ಗುಂಪಿಗೆ ಊರಿನ ಗುಡ್ಡದ ಹುಲ್ಲು ಕಟ್ಟಿಗೆಯಲ್ಲಿ ಪಾಲು ದೊರಕಿಸಲು ಪಂಚಾಯತಿಯ ಬಾಗಿಲು ತಟ್ಟಬಹುದು.

ಇವನ್ನು ಮಾಡಹೊರಟರೆ ವಿರೋಧ ಬಂದೇ ಬರುತ್ತದೆ. ಅನ್ನ ಹಾಕಿದವರನ್ನು ಎಲ್ಲರೂ ಹರಸುತ್ತಾರೆ. ಕುಮ್ಕಿಯ ಲೆಕ್ಕ ಕೇಳಿದವರನ್ನು ಹರಸುವವರು ಕಡಿಮೆ. ದಾನ ಕೊಡುವವರಲ್ಲೂ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲೂ ವರ್ಗದಾರರು ಇರುವುದರಿಂದ ಈ ಪ್ರಶ್ನೆ ಸಂಸ್ಥೆಯ ಒಳಗೇ ಏಳುತ್ತದೆ. ಬೆಳ್ತಂಗಡಿಯ ಸೇವಾಪರಂಪರೆಗೆ ಎದುರಾಗಿರುವ ನಿಜವಾದ ಪರೀಕ್ಷೆ ಇದೇ. ಪ್ರತಿಯೊಂದು ಸಂಘವೂ ತನ್ನ ಮುಂದಿನ ವಾರ್ಷಿಕ ವರದಿಯಲ್ಲಿ ಹಂಚಿದ ಮೊತ್ತದ ಪಕ್ಕದಲ್ಲಿ ಇನ್ನೊಂದು ಸಾಲನ್ನು ಬರೆಯಲಿ: ಈ ವರ್ಷ ಎಷ್ಟು ಮನೆಗಳ ಕೈಗೆ ಹಕ್ಕುಪತ್ರ ಬಂತು, ಎಷ್ಟು ಬಾವಿಗಳಲ್ಲಿ ಏಪ್ರಿಲ್‌ವರೆಗೆ ನೀರು ನಿಂತಿತು, ಎಷ್ಟು ಮಂದಿಗೆ ಮುಂದಿನ ವರ್ಷ ಸಂಘದ ನೆರವೇ ಬೇಡವಾಯಿತು. ಮೊದಲ ವರ್ಷ ಆ ಜಾಗದಲ್ಲಿ ಸೊನ್ನೆ ಬಂದರೂ ಅಡ್ಡಿಯಿಲ್ಲ. ಸೊನ್ನೆಯನ್ನು ಪ್ರಕಟಿಸಿದ ಸಂಸ್ಥೆ ಎರಡನೆಯ ವರ್ಷ ಸುಮ್ಮನೆ ಕೂರಲಾರದು.